ಗಟ್ಟಿಪಾಕ

ಅರಸೀಕೆರೆ ಜಂಕ್ಷನ್ನಿನ ಹಿಂದೆ, ಗೂಡ್ಸ್ ಷೆಡ್ಡಿನ ಗೋಡೆಗೆ
ಬೆನ್ನು ಕೊಟ್ಟು ನಿಂತ ತಗಡಿನ ಮಾಡು.
ಒಳಗೆ ಮಲ್ಲಾಜಮ್ಮನ ಬಾಣಲೆ, ಸಕ್ಕರೆ, ನೀರು,
ಅರೆದ ಹಸಿಶುಂಠಿ.
ಆ ಬೇಸಗೆ ನನಗೆ ದಿನಕ್ಕೆ ಎಂಟು ರೂಪಾಯಿ ಕೂಲಿ,
ಮುರುಕು ಪೆಪ್ಪರ್‌ಮಿಂಟು ತಿಂದಷ್ಟು.

ಮೊದಲು ನೀರಿನ ಹಾಗೇ ಓಡಾಡುತ್ತಿತ್ತು ಪಾಕ,
ಸೌಟಿನಿಂದ ಬಿಟ್ಟರೆ ಸದ್ದು ಮಾಡುತ್ತಾ ಬೀಳುತ್ತಿತ್ತು.
ಆಮೇಲೆ ಒಂದೆಳೆ. ಆಮೇಲೆ ಎರಡೆಳೆ.
ತಣ್ಣೀರ ಬಟ್ಟಲಿಗೆ ಒಂದು ತೊಟ್ಟು: ಉಂಡೆ, ಒತ್ತಿದರೆ ಮೆತ್ತಗೆ.
"ಇನ್ನೂ ಇಲ್ಲ."
ಇನ್ನೊಂದು ತೊಟ್ಟು: ಹಲ್ಲಿಗಿಟ್ಟರೆ ಪಟ್ಟನೆ ಮುರಿಯಿತು.
"ಇಳ್ಸು, ಇಳ್ಸು!"

ಎಣ್ಣೆ ಸವರಿದ ಕಡಪಾ ಕಲ್ಲಿನ ಮೇಲೆ ಸುರಿದರೆ
ಹರಿಯುವುದು ಆತುರದಲ್ಲಿ,
ಅಂಚಿನ ಹತ್ತಿರ ಏನೋ ನೆನಪಾದ ಹಾಗೆ ನಿಧಾನ.
ಕತ್ತರಿ ಹಿಡಿದು ಅದರ ಮುಂದೆ ಕೂತಿರುತ್ತಿದ್ದೆವು.
ಬೇಗ ಕತ್ತರಿಸಿದರೆ ಮತ್ತೆ ಕೂಡಿಕೊಳ್ಳುತ್ತೆ,
ತಡವಾದರೆ ಚೂರು ಕಣ್ಣಿಗೆ ಹಾರುತ್ತೆ.

ನಿಂಬೆ ಹಿಂಡುವುದು ಯಾಕೆ ಅಂತ ಕೇಳಿದ್ದೆ.
"ಇಲ್ದಿದ್ರೆ ಸಾಲು ಕಟ್ಕತವೆ ಕಣವ್ವ,
ಡ್ರಿಲ್ ಮಾಸ್ಟ್ರು ಸೀಟಿ ಊದಿದಂಗೆ. ಕಲ್ಲುಸಕ್ಕರೆ ಆಯ್ತದೆ.
ಅದನ್ನ ಮಾರೋರು ಬ್ಯಾರೆ."

ಸಾಲು ಕಟ್ಟದೆ ನಿಲ್ಲುವುದು ಹೇಗೆ?
ಅದನ್ನು ಕಂಡದ್ದು ಮೇಲ್ಸೇತುವೆಯ ಮೆಟ್ಟಿಲಲ್ಲಿ,
ಹುಬ್ಬಳ್ಳಿ ಗಾಡಿಯೂ ಮೈಸೂರು ಗಾಡಿಯೂ ಒಟ್ಟಿಗೆ ಬಂದ ಸಂಜೆ.
ಇಳಿಯುವವರು, ಹತ್ತುವವರು, ಕಾಯಿ ಚೀಲ, ಟ್ರಂಕು, ಮಗು.
ಮುಂದಿನವನು ಜರುಗಲಿ ಅಂತ ಹಿಂದಿನವನು,
ಅವನು ಜರುಗಲಿ ಅಂತ ಪಕ್ಕದವಳು;
ಮೊಣಕೈ ಆಡಿಸುವಷ್ಟು ಜಾಗ, ಅಷ್ಟೇ.
ಒಬ್ಬರಿಗೂ ನಿಲ್ಲುವ ಮನಸ್ಸಿರಲಿಲ್ಲ. ಎಲ್ಲರೂ ನಿಂತಿದ್ದರು.
ಆಗ ಯಾರಾದರೂ ಫೋಟೋ ತೆಗೆದಿದ್ದರೆ
ನಡೆಯುವ ಜನವೋ ಸಿಕ್ಕಿಕೊಂಡ ಜನವೋ
ತಿಳಿಯುತ್ತಿರಲಿಲ್ಲ.

ಮರುದಿನ ಕಲ್ಲಿನ ಮುಂದೆ ಕೂತು ಕೇಳಿದೆ:
ಇದು ಯಾವ ಗಳಿಗೆಯಲ್ಲಿ ನಿಲ್ಲುತ್ತಮ್ಮಾ?
ಬೆರಳಿಂದ ಅಂಚು ತಟ್ಟಿ ಕಿವಿಗೊಟ್ಟಳು.
"ನಿಂತೋಯ್ತು ಅಂತ ಯಾರು ಹೇಳಾದು?
ಕಾಯಾಕೆ ಬೇಜಾರಾದೋರು."

ಮುಂದೆ ಹಾಸನದ ಕಾಲೇಜಿನಲ್ಲಿ ಮೇಷ್ಟ್ರು ಹೇಳಿದರು,
ಹಳೇ ಕಿಟಕಿಯ ಗಾಜು ಕೆಳಗೆ ದಪ್ಪ,
ನೂರು ವರ್ಷ ಇಳಿದು ಇಳಿದು.
ಎದ್ದು ನಿಂತೆ: ಅಲ್ಲ ಸಾರ್, ಹುಟ್ಟುವಾಗಲೇ ಹಾಗಿತ್ತು,
ದಪ್ಪ ಬದಿ ಕೆಳಗಿಟ್ಟವನು ಬಡಗಿ.
ಇಡೀ ಕ್ಲಾಸು ನಕ್ಕಿತು.

ಈಗ ಆ ಮಾಡಿಲ್ಲ; ಗೋಡೆಯಲ್ಲಿ ಮಸಿ ಇದೆ.
ಅವಳು ಕೊಟ್ಟ ಡಬ್ಬಿಯಲ್ಲಿ ಉಳಿದ ಕೊನೆಯ ಹಿಡಿ
ಈ ಆಷಾಢದ ತೇವಕ್ಕೆ ಒಂದನ್ನೊಂದು ಹಿಡಿದುಕೊಂಡಿದೆ.
ಬಿಡಿಸಲು ಹೋದೆ.
ಬೆರಳಿಗೆ ಅಂಟಿ
ಒಂದೆಳೆ ಬಂತು.