ಹದಿನೇಳು ಜಡೆ

ಐವತ್ತೊಂದಕ್ಕೆ ಕುದುರೆ ಏರಿದವಳು ನಾನು.
ಮೀನಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ
ಬಂಗುಡೆಯ ಹೊಟ್ಟೆ ಸೀಳಿದ ಕೈ;
ಎಷ್ಟು ತೊಳೆದರೂ ಲಗಾಮಿನ ತೊಗಲಿಗೆ
ಮೀನಿನದೇ ವಾಸನೆ.
ಸ್ಮೇರಾಳಿಗೆ ಅದೇ ಇಷ್ಟ. ಹೊಳ್ಳೆ ಅರಳಿಸಿ
ನನ್ನ ಅಂಗೈಯನ್ನು ಕಾಗದದ ಹಾಗೆ ಓದುತ್ತಾಳೆ.

ಕಾನಮಾರಾದ ಬೂದು ಹೆಣ್ಣು, ವಯಸ್ಸು ನಾಲ್ಕು.
ಕಲ್ಲುಗೋಡೆ, ಕುರಿ, ಕಡಲು ಕಂಡವಳು.
ಜನವೆಂದರೆ ಅವಳಿಗೆ ನಾನು, ಮತ್ತು
ಆರು ವಾರಕ್ಕೊಮ್ಮೆ ಬರುವ ಲಾಳದ ಫೆರ್ಗಲ್.

"ಹಸಿ ಮಡಕೆ ಹೊತ್ತು ಹಸಿ ಮಡಕೆ
ನೀರಿಗೆ ಹೊರಟಿದೆ ನೋಡು," ಎಂದಿದ್ದ ಅವನು,
ಅವಳ ಗೊರಸು ತೊಡೆಯ ಮೇಲಿಟ್ಟು,
ಬಾಯಲ್ಲಿ ಮೊಳೆ ಕಚ್ಚಿಕೊಂಡೇ.
"ಇಬ್ಬರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು ಕಣೆ."

ಬೆಳಗಿನ ಜಾವ ನಾಲ್ಕಕ್ಕೆ, ಟಾರ್ಚು ಕಂಕುಳಲ್ಲಿ,
ಜೂಲು ಹೆಣೆದೆ. ಹದಿನೇಳು ಜಡೆ.
ಬೆಸವೇ ಇರಬೇಕೆಂದಿತ್ತು ಪುಸ್ತಕ.
ಜಡೆ ಹಾಕಿ ಅಭ್ಯಾಸವಿಲ್ಲ,
ಬಲೆಯ ಗಂಟೇ ಬಿಗಿದೆ.
ಟ್ರೇಲರಿನ ಗೋಡೆಗೆ ತಿಕ್ಕಿ ತಿಕ್ಕಿ
ಮೈದಾನ ಮುಟ್ಟುವಾಗ ಒಂಬತ್ತು ಉಳಿದಿದ್ದವು.
ಅದೂ ಬೆಸವೇ.

ಗಾಳಿ ಅಟ್ಲಾಂಟಿಕ್ಕಿನಿಂದ ನೇರ ಒಳಗೆ ಬಂದಿತ್ತು,
ಟಿಕೆಟ್ಟು ಕೊಳ್ಳದೆ.
ಧ್ವನಿವರ್ಧಕ ಕೆಮ್ಮಿತು: ಸ್ಮೇರಾ ಮರವಾದಳು.
ಐಸ್‌ಕ್ರೀಮ್ ಗಾಡಿ ಹಾಡಿತು: ಏಡಿಯಾದಳು.
ಯಾರದೋ ಕೊಡೆ ಫಟ್ಟನೆ ಬಿಚ್ಚಿಕೊಂಡಿತು:
ಆಮೇಲೆ ಅವಳೇನಾದಳೋ ನಾ ಕಾಣೆ,
ನಾನಂತೂ ಅವಳ ಕೊರಳ ಪಟ್ಟಿಯಾದೆ.

ಮುಂದಿನ ಹಲ್ಲು ಬಿದ್ದ ಒಂಬತ್ತರ ಮುರೆನ್,
ಮೇಯುವ ಕುದುರೆಯ ಮೇಲೆ ಸೋಫಾದಲ್ಲಿ ಕೂತಂತೆ ಕೂತು,
"ಮೊದಲ ಸಲವಾ?" ಎಂದಳು.
ಹೂಂ ಎಂದೆ.
"ನಿಮಗಾ? ಅವಳಿಗಾ?"
ಇಬ್ಬರಿಗೂ.
"ಅಯ್ಯೋ," ಎಂದಳು. ಯಾರಿಗೆಂದು ಕೇಳಲಿಲ್ಲ.
ಸ್ವಲ್ಪ ತಡೆದು,
"ಉಸಿರು ಬಿಡೋದು ಮರೆತಿದ್ದೀರಿ."

ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ,
ಏರಿದ ಮೇಲೆ ನನಗೆ ಕಾಲೇ ಇರಲಿಲ್ಲ.

ಗಂಟೆ.
ನಲವತ್ತಮೂರು ನನ್ನ ಬೆನ್ನ ಮೇಲೆ ಪಟಪಟ ಬಡಿಯಿತು.
ಮೊದಲ ಬೇಲಿ ಮೊಣಕಾಲೆತ್ತರವೂ ಇಲ್ಲ:
ಅಡ್ಡಡ್ಡ ಎರಡು ಗಳ, ಪಕ್ಕದಲ್ಲಿ
ಪೆಟೂನಿಯಾದ ಕುಂಡ.
ಅವಳು ನಿಂತಳು.
ನಾನು ನಿಲ್ಲಲಿಲ್ಲ. ಹೊಟ್ಟೆ ಜೀನಿನ ತುದಿಗೆ,
ಮೂಗು ಬಲೆಯ ಗಂಟಿಗೆ.

ಸುತ್ತು ಹಾಕಿ ಬಂದೆವು. ಮತ್ತೆ ನಿಂತಳು.
ನಡೆ ಎಂದು ಕಾಲು, ಬೇಡವೆಂದು ಕೈ,
ಒಂದೇ ಮೈಯಿಂದ ಎರಡು ಮಾತು.
ನಿನಗೆ ಗೊತ್ತೆಂದು ನಾನು,
ನನಗೆ ಗೊತ್ತೆಂದು ನೀನು...
ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿ
ನನ್ನನ್ನೇ ಕೇಳುತ್ತಿತ್ತು, ಕೇಳುತ್ತಲೇ ಇತ್ತು.
ಏನು ಹೇಳಲಿ?
ಅವಳ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು
ಬಾ, ತಿನ್ನು, ಸಾಕು.

ಮೂರನೆಯ ಸಲ ಕೈ ಸಡಿಲ ಬಿಟ್ಟೆ.
ಧೈರ್ಯವಲ್ಲ, ಬೆರಳು ಸೋತಿದ್ದವು.
ಅವಳು ನಿಧಾನ ಕತ್ತು ಚಾಚಿ,
ಗಳ ಮೂಸಿ, ಕುಂಡ ಮೂಸಿ,
ನಾನು ಹೇಳದೇ ಹೇಳಿದ ಮೂರರಲ್ಲಿ
ನಡುವಿನದನ್ನು ಆರಿಸಿಕೊಂಡಳು.

ಮೈದಾನ ನಕ್ಕಿತು. ಗಂಟೆ ಇನ್ನೊಮ್ಮೆ.
ತೀರ್ಪುಗಾರರು ಹ್ಯಾಟು ತೆಗೆದು ಹೇಳಿದರು,
"ಧನ್ಯವಾದ, ನಲವತ್ತಮೂರು." ಅಂದರೆ, ಹೊರಡಿ.

ಹೊರಗೆ ಬರುವಾಗ ಅದೇ ಕೊಡೆ, ಅದೇ ಗಾಡಿ, ಅದೇ ಕೆಮ್ಮು.
ಅವಳಿಗೆ ಬಾಯಿ ತುಂಬ ಕೆಲಸ.
ಲಗಾಮು ಹಗ್ಗದ ಉಯ್ಯಾಲೆಯಂತೆ ಜೋತು,
ತುಟಿಯಂಚಿಗೆ ನೇರಳೆ ಎಸಳೊಂದು ಅಂಟಿ,
ನಾವು ನಡೆದೆವು. ಮೊದಲ ಸಲ, ಆ ದಿನ,
ಬರೀ ನಡೆದೆವು.

ಕುಂಡದೊಡತಿ ಓನಾ ರೈನ್‌ಕೋಟಿನಲ್ಲಿ ಸರಸರ ಬಂದರು.
ನಾನು ಕ್ಷಮೆಯನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದೆ.
ಅವರು ನನ್ನತ್ತ ನೋಡಲಿಲ್ಲ.
ಬಗ್ಗಿ, ಬೇರಿನ ಮಣ್ಣು ಒತ್ತಿ,
ತಿಂದ ಭಾಗ ಆಚೆಗಾಗುವಂತೆ
ಕುಂಡವನ್ನು ಅರ್ಧ ಸುತ್ತು ತಿರುಗಿಸಿಟ್ಟರು.

"ನಲವತ್ತನಾಲ್ಕು," ಎಂದಿತು ಧ್ವನಿವರ್ಧಕ.