ಕೀತತಚಾ

ನಾಲ್ಕೂವರೆಗೆ ಎದ್ದೆ. ಕಮಾದೊ ಅಜ್ಜಿ ಆಗಲೇ
ರಬ್ಬರ್ ಬೂಟು ಮೆಟ್ಟಿ ಹೊಸಿಲ ಮೇಲೆ ಕೂತು
ನನ್ನ ದುರ್ಬೀನಿನ ದಾರದ ಗಂಟು ಬಿಡಿಸುತ್ತಿದ್ದಳು.
"ಮೇ ತಿಂಗಳ ಬೆಳಕು ಯಾರಿಗೂ ಕಾಯೋದಿಲ್ಲ ಕಣೋ,"
ಕೊನೆಯ ಬಸ್ಸು ತಪ್ಪಿಸಿಕೊಂಡವಳ ಹಾಗೆ.

ಒಕಿನಾವಾದ ಬಡಗಣ ತುದಿ, ಯಾನ್‌ಬಾರು ಕಾಡು.
ಮಳೆಗೆ ಇನ್ನೂ ವಾರವಿದೆ ಎನ್ನುತ್ತದೆ ರೇಡಿಯೋ,
ಎಲೆಗಳು ಒಪ್ಪದೆ ತೊಟ್ಟಿಕ್ಕುತ್ತಲೇ ಇವೆ.
ಇತಾಜಿ ಮರಗಳು ಹೂಕೋಸಿನ ಗಡ್ಡೆಗಳಂತೆ
ಗುಡ್ಡದಿಂದ ಗುಡ್ಡಕ್ಕೆ ಉಬ್ಬುತ್ತ ಹೋಗಿ
ಎಲ್ಲೋ ಸಮುದ್ರವಾಗುತ್ತವೆ.

ನನ್ನ ಕೆಲಸ ಎಣಿಸುವುದು.
ಗ್ರಾಮ ಕಚೇರಿ ಕೊಟ್ಟ ಹಾಳೆಯಲ್ಲಿ
ಗಂಟೆ, ಗಾಳಿ, ಮರದ ಸುತ್ತಳತೆ, ತೂತಿನ ಎತ್ತರ,
ಕೊನೆಯಲ್ಲಿ ಎರಡು ಚೌಕ: ಕಂಡಿತು. ಕೇಳಿತು.
ಮೂರು ಬೇಸಿಗೆಯಿಂದ ಈ ಕಣಿವೆಯ ಪಾಲಿಗೆ
ನಾನು ತುಂಬಿದ್ದು ಗಾಳಿಯೊಂದನ್ನೇ.

ತಲೆಯೆತ್ತಿ ನಡೆದೆ. ಕತ್ತು ಉಳುಕಿತು.
ಸತ್ತ ಕೊಂಬೆ. ಸತ್ತ ಕೊಂಬೆ. ಒಂದು ಹಳೆಯ ತೂತು,
ಒಳಗೆ ಪುಟ್ಟ ಗೂಬೆಯ ಸಂಸಾರ.
ಇನ್ನೊಂದರಲ್ಲಿ ಬರೀ ಕತ್ತಲೆ, ಬಾಡಿಗೆಗೆ.
ಅಜ್ಜಿ ಮಾತ್ರ ನೆಲ ನೋಡುತ್ತ ಬಂದಳು,
ಹಾಬು ಹಾವಿನ ಭಯ ಅಂದುಕೊಂಡೆ.

ಆರಕ್ಕೆ ಐದು ನಿಮಿಷ.
ಟರ್ರ್‌ರ್‌ರ್.
ನಿಂತಿತು. ಮತ್ತೆ, ಟರ್ರ್‌ರ್‌ರ್.
ನನ್ನ ಪೆನ್ಸಿಲು ಚೌಕಕ್ಕಿಳಿದು ಗೀಟು ಎಳೆಯಿತು,
ಅವಳ ಕೈ ನನ್ನ ಮಣಿಕಟ್ಟಿಗೆ.
"ಹಕ್ಕಿಯೇ ತಾನೇ?"
"ಹಕ್ಕಿಯೇ ಅಜ್ಜಿ. ಗಂಡು. ಇನ್ನೂರು ಮೀಟರು."
"ಸರಿಯಾಗಿ ಕೇಳು."

ಆ ವರ್ಷ ಅವಳಿಗೆ ಐದು.
ದಕ್ಷಿಣ ಹೊತ್ತಿ ಉರಿಯುವಾಗ ಜನ ಈ ಕಾಡಿಗೆ ಬಂದರು,
ಇದ್ದಿಲು ಸುಡುವ ಗುಂಡಿಗಳಲ್ಲಿ ಮನೆ ಹೂಡಿದರು.
ಸೊತೆತ್ಸು ತಿರುಳನ್ನು ಮೂರು ನೀರು ತೊಳೆದು ತಿಂದರೂ
ನಾಲಗೆ ದಪ್ಪವಾಗುತ್ತಿತ್ತಂತೆ.
ದಿಬ್ಬದಾಚೆ ಸದ್ದಾದಾಗೆಲ್ಲ ಅಮ್ಮ
"ಕೀತತಚಾ ಕಣೇ, ಮರ ಕುಟ್ಟುತ್ತಿದೆ, ಮಲಗು."
ಹಗಲು ಕುಟ್ಟಿತು. ನಡುರಾತ್ರಿ ಕುಟ್ಟಿತು.
"ಅದಕ್ಕೆ ನಿದ್ದೆ ಬರೋದಿಲ್ವಾ?"
"ಮನೆ ಕಟ್ಟುವವರಿಗೆ ಎಲ್ಲಿಯ ನಿದ್ದೆ?"
ಅಣ್ಣ ನೀರಿಗೆ ಹೋದ ಸಂಜೆ
ಹಕ್ಕಿ ಬಹಳ ಹತ್ತಿರ ಕುಟ್ಟಿತು.

ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಲಿಲ್ಲ.
ನಡುವೆ ಎರಡು ಸಲ ಬೂಟಿನ ಕಲ್ಲು ತೆಗೆದಳು,
ಒಂದು ಸಲ ನನ್ನನ್ನು ಅಣ್ಣನ ಹೆಸರಿನಿಂದ ಕರೆದಳು.
ಗುಡ್ಡದಾಚೆ ಈಗಲೂ ಪರದೇಶದ ದಂಡಿನ ತಾಲೀಮು,
ಬರೀ ಸದ್ದಿನ ಗುಂಡು ಎನ್ನುತ್ತಾರೆ.
ಬರೀ ಸದ್ದು.

ಆಮೇಲೆ ಅವಳು ಮಾತು ನಿಲ್ಲಿಸಿ ಗದ್ದ ಚಾಚಿದಳು,
ಮೇಲಕ್ಕಲ್ಲ.
ಹತ್ತು ಹೆಜ್ಜೆ ಮುಂದೆ, ಕೊಳೆತ ಎಲೆಗಳ ನಡುವೆ,
ಒಣಗಿದ ರಕ್ತದ ಬಣ್ಣದ ಮೈ,
ನೆತ್ತಿಯ ಮೇಲೆ ಮಾತ್ರ ಕೆಂಡ,
ಕೊಕ್ಕಿನ ತುಂಬ ಮಣ್ಣು ಮೆತ್ತಿಕೊಂಡು
ನೆಲ ಅಗೆಯುತ್ತಿತ್ತು, ಬಿತ್ತನೆ ತಡವಾದವನ ಹಾಗೆ.
ಒಂದು ಜೀರುಂಡೆ ಮರಿಯನ್ನು ಎಳೆದು ತೆಗೆದು
ನಮ್ಮನ್ನೊಮ್ಮೆ ಓರೆಗಣ್ಣಲ್ಲಿ ನೋಡಿ ನುಂಗಿತು.
"ಅಮ್ಮ ಒಂದೇ ಸಲ ತೋರಿಸಿದ್ದಳು," ಪಿಸುಗುಟ್ಟಿದಳು,
"ಹೀಗೇ, ನಮ್ಮ ಹಾಗೇ ಕೆದಕಿ ತಿನ್ನುತ್ತಿತ್ತು.
ಹಸಿದದ್ದು ಮೇಲೆ ನೋಡೋದಿಲ್ಲ ಕಣೋ."

ಆಗಲೇ, ಅದರ ಬಾಯಿ ತುಂಬಿರುವಾಗಲೇ,
ದಿಬ್ಬದಾಚೆ
ಟರ್ರ್‌ರ್‌ರ್.

ಹಕ್ಕಿ ತಲೆ ಓರೆಮಾಡಿ ಕೇಳಿತು.
ನಾವೂ ಕೇಳಿದೆವು, ಮೂವರೂ.
ಯಾರೂ ಏನೂ ಹೇಳಲಿಲ್ಲ.

ಅದು ಹಾರಿಹೋದ ಮೇಲೆ ಬಂಡೆಗೊರಗಿ
ಅಜ್ಜಿ ಕಟ್ಟಿ ತಂದ ಅನ್ನದುಂಡೆ ತಿಂದೆವು, ಮೀಸೋ ತುಸು ಉಪ್ಪಾಗಿತ್ತು.
"ಕಂಡಿತು" ಎಂಬಲ್ಲಿ ಗೀಟು ಹಾಕಿದೆ.
"ಕೇಳಿತು" ಎಂಬಲ್ಲಿ ಮೊದಲೇ ಎಳೆದದ್ದನ್ನು
ರಬ್ಬರಿನಿಂದ ಉಜ್ಜತೊಡಗಿದೆ.
ಹಾಳೆ ಒದ್ದೆಯಾಗಿತ್ತು,
ಅಲ್ಲೊಂದು ಸಣ್ಣ ತೂತು ಬಿತ್ತು.

ಕಚೇರಿಯವರು ಕೇಳಿದರೆ
ಮಳೆ ಎನ್ನಬೇಕು.