ಹೆಚ್ಚುವರಿ ಪ್ರಭಾರ

ಮಾರ್ಚಿನಿಂದ ನನಗೆ ಎರಡು ಕುರ್ಚಿ.
ಕಾರಿಡಾರಿನ ಈ ತುದಿಗೆ ವಿದ್ಯುತ್ತು, ಆ ತುದಿಗೆ ನೀರು,
ನಡುವೆ ಹದಿನೆಂಟು ಹೆಜ್ಜೆ, ನೀರಿಲ್ಲದ ಒಂದು ಕೂಲರು,
ಪ್ಯೂನ್ ಶಾಣೂನ ಸ್ಟೂಲು.
ಆ ತುದಿಯ ಪ್ರಭುದೇಸಾಯಿ ನಿವೃತ್ತರಾದಾಗ
ಬದಲಿ ಬರುವತನಕ ನೀವೇ ನೋಡಿಕೊಳ್ಳಿ, ಎಂದಿತು ಪಣಜಿ.
ಈಗ ಆಗಸ್ಟು. ಫೋಂಡಾದ ಮೇಲೆ ಆಕಾಶ ಹರಿದುಬಿದ್ದಿದೆ;
ನಲ್ಲಿ ತಿರುಗಿಸಿದರೆ ಮಾತ್ರ ಗಾಳಿ ಸೀಟಿ ಹೊಡೆಯುತ್ತದೆ.

ಬೆಳಿಗ್ಗೆ ಈ ಕುರ್ಚಿಯಲ್ಲಿ ಕೂತು ಬಾಕಿದಾರರ ಪಟ್ಟಿ ತೆರೆದೆ.
ಬೇಕರಿಯ ಕಾಯ್ತಾನ್, ಎರಡು ತಿಂಗಳು.
ಹಿಟ್ಟಿನ ಗಿರಣಿ, ನಾಲ್ಕು.
ಎಲ್ಲರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ
ನೀರಿನವರ ಪಂಪ್‌ಹೌಸು, ಹನ್ನೊಂದು.
'ಹದಿನೈದು ದಿನದೊಳಗೆ ಪಾವತಿಸದಿದ್ದಲ್ಲಿ
ಸಂಪರ್ಕ ಕಡಿತಗೊಳಿಸಲಾಗುವುದು' ಎಂದು ಸಹಿ ಹಾಕಿದೆ.
ಶಾಣೂ ಅದನ್ನು ಹದಿನೆಂಟು ಹೆಜ್ಜೆ ಹೊತ್ತು
ಆ ಮೇಜಿನ ಮೇಲಿಟ್ಟು ಬಂದ.
ಊಟದ ನಂತರ ಆ ಕಡೆ ಹೋಗಿ
ಲಕೋಟೆ ಒಡೆದು, ಓದಿ, ಬೆಚ್ಚಿದೆ.

ಸುಮ್ಮನಿರಲಾಗುತ್ತದೆಯೇ? ಉತ್ತರ ಬರೆದೆ:
'ಮಾನ್ಯರೇ, ತಮ್ಮ ಕಚೇರಿಯ ನಲ್ಲಿಯ ಬಿಲ್ಲೂ
ಹದಿನಾಲ್ಕು ತಿಂಗಳಿಂದ ಬಂದಿಲ್ಲ.'
ಮುಖದ ಒಂದು ಗೆರೆಯೂ ಅಲುಗದೆ
ಶಾಣೂ ವಾಪಸು ಹೊತ್ತ.

ಆ ರಾತ್ರಿ ಎರಡು ಹತ್ತಕ್ಕೆ ಎರಡೂ ಫೋನು ಒಟ್ಟಿಗೇ ಹೊಡೆದುಕೊಂಡವು.
ಎಡಗಿವಿಯಲ್ಲಿ ಲೈನ್‌ಮನ್ ಮಿಂಗೆಲ್:
ಹಲಸಿನ ಮರ ಬಿದ್ದಿದೆ, ಎರಡು ಕಂಬ ಮಲಗಿವೆ,
ಉಳಿದ ಲೈನು ಊರಿಗೆ ಸಾಕು, ಇಲ್ಲವೇ ಪಂಪಿಗೆ ಸಾಕು,
ಎರಡಕ್ಕೂ ಸಾಲದು.
ಬಲಗಿವಿಯಲ್ಲಿ ವಾಲ್ವಿನ ಫಕೀರಪ್ಪ, ಸವಣೂರ ಕಡೆಯವನು:
'ಬಾಯಾರ, ಟಾಕ್ಯಾಗ ನಾಕ ಫೂಟ ಉಳದೈತ್ರೀ.'
ಅವನು ಬಾಯಾರ ಎಂದಾಗಲೆಲ್ಲ
ಯಾರೋ ಬಾಯಾರಿ ಕೂಗಿದಂತೆ ಕೇಳುತ್ತದೆ ನನಗೆ.

ಮಂಚದ ಅಂಚಿಗೆ ಕೂತೆ.
ಮೇಲಧಿಕಾರಿಯ ಫೋನು ಸ್ವಿಚ್ ಆಫ್.
ಪಂಪಿಗೆ ಕೊಡು, ಎಂದೆ ಎಡಗಿವಿಗೆ.
ನಿಮಿಷದಲ್ಲಿ ನನ್ನ ಫ್ಯಾನೂ ನಿಂತಿತು.
ಪಕ್ಕದ ಮನೆಯ ಕೂಸು ಎದ್ದಿತು, ಅದರ ಅಜ್ಜಿ ಎದ್ದಳು,
ನಿನ್ನೆಯ ಪೇಪರು ಮಡಿಸಿ ಬೀಸುವ ಸದ್ದು
ಮಳೆಯ ಸಂದಿನಲ್ಲಿ ಕೇಳಿಸಿತು;
ಬೈಗುಳವೂ, ಕೊಂಕಣಿಯಲ್ಲಿ, ಹೆಸರು ಹಿಡಿದು.
ಮೋಟಾರು ಮಾತ್ರ ಕೇಳಿಸಲಿಲ್ಲ. ಅದು ಹೊಳೆಯ ಹತ್ತಿರ,
ನಂಬಿಕೊಳ್ಳಬೇಕಾದಷ್ಟು ದೂರ.

ಐದಕ್ಕೆ ಟಾಕಿಯ ಬುಡಕ್ಕೆ ಹೋದೆ.
ರೇನ್‌ಕೋಟಿನ ಮೇಲೆ ಗೋಣಿಚೀಲ ಹೊದ್ದು
ಫಕೀರಪ್ಪ ಕಬ್ಬಿಣದ ಕೀಲಿಗೆ ಜೋತುಬಿದ್ದಿದ್ದ.
ಹಾಲಿಗೆ ಹೊರಟ ಕುಂಕಳೇಕರ್ ಮಾಸ್ತರರು ಕೊಡೆಯ ಕೆಳಗಿಂದ
'ನಿಮ್ಮ ಕಡೆಯವರು ಮೇಲೆ ನಮ್ಮ ನದಿ ತಿರುಗಿಸ್ತಾರಂತಲ್ಲ?' ಎಂದರು.
ನಾನು ಬಾಯಿ ತೆರೆಯುವ ಮೊದಲೇ ಅವನು:
'ನದೀ ಎತ್ಲಾಗ ತಿರಗತೈತೋ ನನಗ ಗೊತ್ತಿಲ್ರೀ ಸಾಹೇಬ್ರ,
ವಾಲ್ವು ಎಡಕ ತಿರಗಿದ್ರ ನೀರು.'
ಹನ್ನೆರಡು ಸುತ್ತು.
ಪೈಪು ಮೊದಲು ಕೆಮ್ಮಿತು.
ಮಾಸ್ತರರು ಮನೆಯ ಕಡೆ ತಿರುಗಿ, ಕೊಡ ಇಡಿರೇ, ಎಂದು ಕೂಗಿದರು.

ದೂರು ಪುಸ್ತಕದಲ್ಲಿ ಎಪ್ಪತ್ತಮೂರು ನಮೂದು, ಎಲ್ಲ ಕರೆಂಟಿನವೇ.
ಕಾಯ್ತಾನನ ಹಿಟ್ಟು ಕಲೆಸುವ ಯಂತ್ರ ನಿಂತು
ಇಡೀ ವಾಡೆಗೆ ಪಾವ್ ಇಲ್ಲ; ಅದು ನಿಜ, ಅವನಿಗೆ ನಷ್ಟ,
ಅವನ ನೋಟೀಸನ್ನು ಡ್ರಾಯರಿನಲ್ಲಿ ಕೆಳಕ್ಕೆ ಸರಿಸಿದೆ.
ನೀರು ಬಂತೆಂದು ಫೋನು ಮಾಡುವ ಪದ್ಧತಿ
ಯಾವ ಊರಲ್ಲೂ ಇಲ್ಲ.

ಮಧ್ಯಾಹ್ನ ನೀರಿನ ಕುರ್ಚಿಯಲ್ಲಿ ಕೂತು
ಈ ಕುರ್ಚಿಗೊಂದು ಕೃತಜ್ಞತೆ ಬರೆಯೋಣವೆಂದುಕೊಂಡೆ.
ಅದಕ್ಕೆ ನಮೂನೆಯಿಲ್ಲ, ಎಂದ ಶಾಣೂ.
ಹಳೆಯ ನೋಟೀಸನ್ನೇ ತೆಗೆದು ತಿದ್ದಿ ಕೊಟ್ಟೆ:
ಬಾಕಿ, ಹನ್ನೊಂದು ತಿಂಗಳು
ಮತ್ತು ಎರಡೂವರೆ ತಾಸು.